ನಕ್ಷತ್ರ ಹಾಕಿದ ರೊಟ್ಟಿ

“ಇಂಗ್ಲಿಷಿನ ‘ಲೋಫ್’, ಅಂದ್ರೆ ರೊಟ್ಟಿ, ಹುಟ್ಟಿದ್ದು ಅದಕ್ಕೂ ಹಿಂದಿನ ಮೂಲಭಾಷೆಯ ಈ ಪದದಿಂದ” ಎನ್ನುತ್ತ ಭೀಮರಾಜ್ ಹಾಳೆಯ ಮೇಲೆ ‘ಹ್ಲೈಬಜ್’ ಎಂದು ಬರೆದು ಪದಕ್ಕೊಂದು ನಕ್ಷತ್ರ ಹಾಕಿದ. ಬೇಲೂರಿನ ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡುವ ಪಾರ್ಥಸಾರಥಿಯ ಮನೆಗೆ ಅವನು ಬಂದದ್ದು ಅದೇ ಮೊದಲು.

“ನಕ್ಷತ್ರ ಯಾಕ್ರೀ?” ಪಾರ್ಥಸಾರಥಿ ಕೇಳಿದ.

“ಯಾರೂ ಬರೆದಿಟ್ಟಿಲ್ಲ ಅಂತ. ಮೊಮ್ಮಕ್ಕಳಲ್ಲಿ, ಅಂದ್ರೆ ಈಗಿನ ಭಾಷೆಗಳಲ್ಲಿ, ಉಳಿದಿರೋದನ್ನ ನೋಡಿ, ಹಿಂದೆ ಹೀಗಿತ್ತು ಅಂತ ಊಹಿಸೋದು.”

ಪಾರ್ಥಸಾರಥಿಯ ತಾಯಿ ಶ್ರೀರಂಗಮ್ಮ ಬಿಸಿ ಅಕ್ಕಿರೊಟ್ಟಿ ತಂದರು. “ತಗೊಳ್ಳಿ, ಸಂಕೋಚ ಪಡ್ಬೇಡಿ. ನಾವು ಅದನ್ನೆಲ್ಲ ನೋಡೋರಲ್ಲ.” ಭೀಮರಾಜನ ಮುಂದೆ ತಟ್ಟೆಯಿತ್ತು. ಆದರೂ ಅವರ ಕೈ ಒಂದು ಗೇಣು ಮೇಲೆಯೇ ನಿಂತಿತು. ರೊಟ್ಟಿ ಬೀಳುವ ಮೊದಲೇ ಭೀಮರಾಜನ ಅಂಗೈಗಳೆರಡೂ ಕೂಡಿ ಬೊಗಸೆಯಾಗಿದ್ದವು.

ಅವನ ತಾತ ಜವರಯ್ಯ ಒಡೆಯರ ಜಗುಲಿಯ ಕೆಳಗೆ ಹೀಗೇ ಕೈಯೊಡ್ಡಿ ನಿಲ್ಲುತ್ತಿದ್ದನಂತೆ. ಭೀಮರಾಜ್ ಅದನ್ನು ಕಣ್ಣಾರೆ ಕಂಡವನಲ್ಲ.