ಅರ್ಧವೇ ಬಂದ ಮಾತು

"ಅಜ್ಜಿ, ಇವತ್ತು ಕಾರ್ಡು ತಂದಿಲ್ಲ. ಮಿಸ್ಸು ಬೇಡ ಅಂದ್ರು. ಇವತ್ತು ಬರೀ ಹೋಗ್ಬರ್ತೀವಿ ಅಂತ ಹೇಳೋದಂತೆ," ಎನ್ನುತ್ತ ಗುಬ್ಬಿ ಗಾಲಿಕುರ್ಚಿಯ ಕೈಮೇಲೆ ಹತ್ತಿ ಕುಳಿತಳು.

ಅಜ್ಜಿ ತಲೆಯಾಡಿಸಿದಳು. ಅವಳಿಗೆ ಗೊತ್ತಿತ್ತು. ಹಿರಿಯರು ಹಗಲು ಕಳೆಯುವ ಈ ಕೇಂದ್ರಕ್ಕೆ ಪ್ರತಿ ಗುರುವಾರ ಹತ್ತಿರದ ಶಾಲೆಯಿಂದ ಒಂದನೇ ಕ್ಲಾಸಿನ ಮಕ್ಕಳು ಬರುತ್ತಿದ್ದರು. ಒಂದೊಂದು ಮಗುವಿಗೆ ಒಬ್ಬೊಬ್ಬ ಅಜ್ಜ ಇಲ್ಲವೆ ಅಜ್ಜಿ. ಒಂಬತ್ತು ತಿಂಗಳು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಕಳೆದಿದ್ದವು. ರಜೆ ಮುಗಿದರೆ ಗುಬ್ಬಿ ಎರಡನೇ ಕ್ಲಾಸು. ಎರಡನೇ ಕ್ಲಾಸಿಗೆ ಗುರುವಾರ ಕಂಪ್ಯೂಟರು ಪಾಠ; ಇಲ್ಲಿಗೆ ಬರುವುದು ಇವತ್ತೇ ಕೊನೆ.

ಮೂವತ್ತೊಂದು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕುಳಿತು ಯಾವ ಗಾಡಿ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಸಾರಿದವಳು ಅಜ್ಜಿ. ಆಗ ಅವಳ ಮಾತೆಂದರೆ ಅರಳು ಹುರಿದಂತೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆದು ಬಲಗೈಯ ಜೊತೆ ಮಾತನ್ನೂ ಒಯ್ದಿತು. ತಲೆಯೊಳಗೆ ಮಾತುಗಳೆಲ್ಲ ಸಾಲುಗಟ್ಟಿ ನಿಂತಿರುತ್ತಿದ್ದವು; ಬಾಯಿಗೆ ಬರುತ್ತಿದ್ದುದು ಒಂದೇ. "ದಯವಿಟ್ಟು." ದಯವಿಟ್ಟು ಗಮನಿಸಿ ಎಂಬುದರ ಮೊದಲ ತುಂಡು. ನೀರು ಬೇಕಾದರೂ ದಯವಿಟ್ಟು, ಸಿಟ್ಟು ಬಂದರೂ ದಯವಿಟ್ಟು.

ಮೊದಲ ಗುರುವಾರ ಗುಬ್ಬಿ ಚಿತ್ರದ ಕಾರ್ಡೊಂದನ್ನು ಹಿಡಿದು "ಇದೇನು?" ಎಂದಾಗಲೂ ಬಂದದ್ದು ಅದೇ. ಗುಬ್ಬಿಯೇನೂ ನಗಲಿಲ್ಲ. ಅವಳೂ ಆಗ 'ಕೊಡೆ'ಯನ್ನು 'ಡೊಕೆ' ಎಂದು ಓದುತ್ತಿದ್ದಳು. ಇಬ್ಬರೂ ಒಂದೇ ಗಾಡಿಯಲ್ಲಿ ಹೊರಟವರು. ಕೊಡೆ, ಕಪ್ಪೆ, ಮೇಜು ಎಂದು ಅರ್ಧ ವರ್ಷ ಕಳೆಯುವಷ್ಟರಲ್ಲಿ ಗುಬ್ಬಿ ಪತ್ರಿಕೆಯ ದಪ್ಪಕ್ಷರಗಳನ್ನು ಓದತೊಡಗಿದಳು. ಅಜ್ಜಿ ಇನ್ನೂ ಕಪ್ಪೆ ದಾಟಿರಲಿಲ್ಲ. "ನಿಧಾನಕ್ಕೆ ಕಲಿ ಅಜ್ಜಿ, ನಾನೇನು ಓಡಿಹೋಗ್ತೀನಾ?" ಎಂದು ಗುಬ್ಬಿ ದೊಡ್ಡವರಂತೆ ಸಮಾಧಾನ ಹೇಳುತ್ತಿದ್ದಳು.

ಈ ದಿನಕ್ಕೆಂದು ಅಜ್ಜಿ ಒಂದು ತಿಂಗಳಿಂದ ತಯಾರಾಗಿದ್ದಳು. ಮಾತು ಕಲಿಸಲು ಬರುವ ಡಾಕ್ಟರಮ್ಮ ಪಟ್ಟಿಯೊಂದನ್ನು ಹಿಡಿದು, ಯಾವುದು ಬೇಕು ತೋರಿಸಿ ಎಂದಾಗ ನೀರು, ಊಟ, ನೋವು ಎಲ್ಲವನ್ನೂ ದಾಟಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಿದ್ದಳು: ಹೋಗಿ ಬಾ. "ಮೊದಲು ನೀರು ಕಲಿಯೋಣಮ್ಮ, ಅದು ದಿನಾ ಬೇಕಾಗತ್ತೆ," ಎಂದರೂ ಬೆರಳು ಅಲುಗಲಿಲ್ಲ. ಲೆಕ್ಕವಿಲ್ಲದಷ್ಟು ಗಾಡಿಗಳನ್ನು ಕಳಿಸಿಕೊಟ್ಟವಳು. ಹೋಗುವವರ ಒಂದು ಮುಖವನ್ನೂ ಕಂಡವಳಲ್ಲ. ಈ ಒಂದು ಮುಖವನ್ನಾದರೂ ನೋಡಿ ಹೇಳಬೇಕೆಂದಿತ್ತು. ನಿನ್ನೆ ಕೈತೊಳೆಯುವಲ್ಲಿನ ಕನ್ನಡಿಯ ಮುಂದೆ ಮೂರು ಸಲ ಸರಿಯಾಗಿ ಬಂದಿತ್ತು. ಅದಕ್ಕೆ ಕೇಂದ್ರದ ಆಯಾ ಸಾಕ್ಷಿ.

"ಮಕ್ಕಳೇ, ವ್ಯಾನ್ ಬಂತು. ಸಾಲಾಗಿ ನಿಂತ್ಕೊಳ್ಳಿ," ಎಂದು ಮಿಸ್ಸು ಕೈತಟ್ಟಿದರು.

ಗುಬ್ಬಿ ಕುರ್ಚಿಯಿಂದ ಜಾರಿ ಇಳಿದಳು. "ಬರ್ಲಾ ಅಜ್ಜಿ?"

ಅಜ್ಜಿ ಎಡಗೈ ಎತ್ತಿ ತಡೆದಳು. ಏನೋ ಹೇಳಲಿಕ್ಕಿದೆ ಎಂದು ಗುಬ್ಬಿಗೆ ಕೂಡಲೇ ತಿಳಿಯಿತು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಪತ್ರಿಕೆ ಕೆಳಗಿಳಿಸಿದರು.

"ಹೋ..." ಕುತ್ತಿಗೆಯ ನರ ಉಬ್ಬಿತು. "ಹೋ..."

"ಹೂಂ, ಹೋ. ಆಮೇಲೆ? ತುಂಡು ತುಂಡಾಗಿ ಹೇಳು."

"ಹೋಗು."

ಎಂಥ ಸ್ಪಷ್ಟ ದನಿ! ಹಳೆಯ ಸ್ಟೇಷನ್ನಿನ ದನಿ; ಕೋಣೆಯ ಮೂಲೆಮೂಲೆಗೂ ಕೇಳಿಸಿತು. ಸಾಲಿನಲ್ಲಿದ್ದ ಮಗುವೊಂದು ಕಿಸಕ್ಕನೆ ನಕ್ಕಿತು.

"ಹೋಗು ಅಂದ್ಯಾ?" ಗುಬ್ಬಿಯ ಮುಖ ಸಪ್ಪಗಾಯಿತು. "ನಾನೇನ್ ಮಾಡ್ದೆ?"

ಅಲ್ಲ, ಅಲ್ಲ ಎಂದು ಅಜ್ಜಿ ತಲೆ ಕೊಡವಿದಳು. ಇನ್ನೊಂದು ತುಂಡು ನಾಲಿಗೆಯ ಹಿಂದೆಯೇ ಇತ್ತು, ಕೈಗೆಟಕುವಷ್ಟು ಹತ್ತಿರ. ಆದರೆ ಎಳೆದಷ್ಟೂ ಬಂದದ್ದು ಮೊದಲಿನದೇ. "ಹೋಗು. ಹೋಗು... ಹೋಗು." ಒಂದು ತಿಂಗಳು ಕಾಡಿಸಿ ಬಂದ ಮಾತು ಈಗ ನಿಲ್ಲಲೊಲ್ಲದು. ಅಜ್ಜಿ ಎಡಗೈಯಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು.

"ಅಜ್ಜಿಗೆ ಸುಸ್ತಾಗಿದೆ ಪುಟ್ಟಾ. ಬಾ, ತೊಂದರೆ ಕೊಡೋದು ಬೇಡ," ಎಂದು ಮಿಸ್ಸು ಗುಬ್ಬಿಯ ಭುಜ ಹಿಡಿದು ಮೆಲ್ಲನೆ ನಡೆಸಿಕೊಂಡು ಹೋದರು.

ಹೊಸ್ತಿಲ ಬಳಿ ಗುಬ್ಬಿ ಕೊಸರಿಕೊಂಡು ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಪಾಠ ಹೇಳುವವರದು.

"ಹಾಗನ್ನಬಾರ್ದು ಅಜ್ಜಿ. ಬರೀ ಹೋಗು ಅಂದ್ರೆ ಹೋದವರು ವಾಪಸ್ ಬರಲ್ವಂತೆ, ನಮ್ಮಮ್ಮ ಹೇಳಿದಾಳೆ. ಇನ್ನೂ ಒಂದಕ್ಷರ ಇದೆ. ಅದನ್ನೂ ಹೇಳು. ನಾನು ಕಾಯ್ತೀನಿ."

ಅಜ್ಜಿ ಬಾಯಿಯ ಮೇಲಿನ ಕೈ ತೆಗೆದಳು. ಬಾ ಎನ್ನಬೇಕಾದರೆ ಮೊದಲು ತುಟಿ ಮುಚ್ಚಬೇಕು. ಮುಚ್ಚಿದಳು. ಇಡೀ ಮೈ ತುಟಿಗೆ ಬಂದು ಕುಳಿತಿತು. ಹೊರಗೆ ಹಾರನ್ ಒಮ್ಮೆ ಕೂಗಿತು. ಗುಬ್ಬಿ ನಿಂತೇ ಇದ್ದಳು. ಇನ್ನೊಮ್ಮೆ ಕೂಗಿತು. ಆಮೇಲೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಆಯಾ ತಟ್ಟೆ ತಂದು, ಚಮಚ ಎತ್ತಿ, "ಬಾಯಿ ಬಿಡಿ ಅಜ್ಜಿ," ಎಂದಳು. ಆ ತುಟಿಗಳು ಆಗಲೂ ಹಾಗೆಯೇ ಮುಚ್ಚಿಕೊಂಡಿದ್ದವು.