ಪುಣೆಯ ಕಂಪನಿ

"ಅನುಭವದ ಜಾಗಾ ಖಾಲಿ ಬಿಟ್ರ ಉಳಿದದ್ದು ಯಾರೂ ಓದಂಗಿಲ್ಲ ತಂಗಿ," ಎಂದ ಬಯೋಡೇಟಾ ಟೈಪ್ ಮಾಡುತ್ತಿದ್ದ ಫಕ್ಕೀರಪ್ಪ. ದಾಕ್ಷಾಯಣಿ ಬೇಡವೆನ್ನುವಷ್ಟರಲ್ಲಿ ಆ ಜಾಗ ತುಂಬಿಯಾಗಿತ್ತು: ಸುವರ್ಣರೇಖಾ ಏಜೆನ್ಸೀಸ್, ಪುಣೆ, ಎರಡು ವರ್ಷ.

"ಅಂಥಾ ಕಂಪನಿ ಐತೇನ್ರಿ?"

"ಇಲ್ಲ. ಇದ್ರ ಫೋನ್ ಹಚ್ಚಿ ಕೇಳ್ತಾರ. ನಾ ಮೊದಲಿಂದಲೂ ಎಲ್ಲಾರಿಗೂ ಇದನ್ನ ಹಾಕಿ ಕೊಡೋದು."

ಈ ಸಲವೂ ಕೆಲಸ ಸಿಗದಿದ್ದರೆ ಮನೆಯವರು ನೋಡಿದ ಗಂಡಿಗೆ ಹೂಂ ಅನ್ನುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಹಾಳೆ ಮಡಚಿಕೊಂಡು ಹೋದಳು.

ಸಂದರ್ಶನದಲ್ಲಿ ಮ್ಯಾನೇಜರರ ಕಣ್ಣು ಆ ಸಾಲಿಗೆ ಬಂದು ನಿಂತುಬಿಟ್ಟಿತು. ಮುಖ ಬಿಗಿಯಾಯಿತು.

"ಸುವರ್ಣರೇಖಾದಾಗ ಇದ್ರೇನು?"

"ಹೌದ್ರಿ ಸರ್."

"ಆಫೀಸು ಎಲ್ಲಿತ್ತು?"

"ಸ್ಟೇಷನ್ ಹತ್ತಿರ ಇತ್ರಿ."

"ಯಾರ ಕೈಕೆಳಗ ಕೆಲಸ ಮಾಡಿದ್ರಿ? ಹೆಸರು ಹೇಳ್ರಿ."

ಫ್ಯಾನಿನ ಕೆಳಗೇ ಕೂತಿದ್ದರೂ ಅವಳ ಬೆನ್ನು ಬೆವೆತಿತ್ತು. ಇನ್ನೊಂದು ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ತಪ್ಪಾತ್ರಿ ಸರ್. ನಾ ಅಲ್ಲಿ ಕೆಲಸ ಮಾಡಿಲ್ರಿ. ಅಂಥಾ ಕಂಪನಿನ ಇಲ್ರಿ." ಅಳು ತಡೆಯಲು ಹೋಗಿ ಅವಳ ದನಿ ಹೊರಗಿನವರಿಗೂ ಕೇಳುವಷ್ಟು ಏರಿತು.

ಮ್ಯಾನೇಜರರು ಎದ್ದರು. ಹೊರಗೆ ಕಳಿಸುತ್ತಾರೆಂದುಕೊಂಡು ಅವಳೂ ಚೀಲ ಎತ್ತಿಕೊಂಡಳು. ಅವರು ಬಾಗಿಲು ಮುಚ್ಚಿ, ಮರಳಿ ಬಂದು ಕುರ್ಚಿಯಲ್ಲಿ ಕುಸಿದು ಕೂತರು.

"ಹಗೂರ ಮಾತಾಡ್ರಿ," ಎಂದರು. "ನಾನೂ ಅಲ್ಲಿಂದನ ಬಂದಾಂವ ಅಂತ ಈ ಆಫೀಸಿನಾಗ ಎಲ್ಲಾರೂ ನಂಬ್ಯಾರ."