ಆರನೆಯ ಕಡೆಯ ಚುನಾವಣೆ

ಐದು ಸಲ ಲೋಕಸಭೆಗೆ ನಿಂತು ಐದು ಸಲವೂ ಠೇವಣಿ ಕಳೆದುಕೊಂಡ ಗಂಡನ ಪ್ರಚಾರದಲ್ಲಿ ನೀಲಗಂಗವ್ವನಿಗೆ ಇದ್ದದ್ದು ಒಂದೇ ಕೆಲಸ. ಜೀಪಿನಲ್ಲಿ ಪಕ್ಕಕ್ಕೆ ನಿಂತಿರಬೇಕು. ಆತ ಮೈಕು ಹಿಡಿದು "ಇದೇ ನನ್ನ ಕಡೀ ಚುನಾವಣಿ" ಎಂದು ಗದ್ಗದನಾದ ಕೂಡಲೇ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. "ಸಾಹುಕಾರ್ರ, ಹೋದ ಸಲದ ಕಡೀದು ಎಲ್ಲಿ ಹೋತ್ರಿ?" ಎಂದು ಸಂತೆಯ ಮಂದಿ ಕೇಕೆ ಹಾಕಿದರೆ ಸೆರಗಿನೊಳಗೇ ಆಕೆಯ ಮುಖ ಸುಡುತ್ತಿತ್ತು.

ಆರನೆಯ ಚುನಾವಣೆ ಘೋಷಣೆಯಾದ ದಿನ ಆಕೆ ತವರಿಗೆ ಹೊರಡಲು ಗಂಟು ಕಟ್ಟಿದಳು.

"ಬಜಾರದಾಗ ನಿಂತು ಅತ್ತದ್ದು ಸಾಕ್ರಿ. ಇನ್ನೊಮ್ಮೆ ನೀವು ನಿಂತ್ರ ನಾ ಈ ಮನ್ಯಾಗ ಇರಂಗಿಲ್ಲ."

"ಆತು ಬಿಡು, ನಿಲ್ಲಂಗಿಲ್ಲ."

"ತಾಳಿ ಮುಟ್ಟಿ ಹೇಳ್ರಿ."

ಆತ ಮುಟ್ಟಿಯೇ ಹೇಳಿದ. ಆಕೆ ಗಂಟು ಬಿಚ್ಚಿ, ಎಂಟು ದಿನ ಆತ ಕೇಳಿದ್ದನ್ನೆಲ್ಲ ಮಾಡಿ ಬಡಿಸಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲ ಮುಂದೆ ಹಲಗೆ ಬಾರಿಸುವ ಸದ್ದು. ಹಿಂದೆಯೇ ಹಾರ ಹಾಕಿದ ಅದೇ ಜೀಪು.

"ತಾಳಿ ಮುಟ್ಟಿ ಆಣಿ ಮಾಡಿದ್ರೆಲ್ಲ!"

"ಆಣಿ ಮುರಿಯೂ ಮನಷ್ಯಾ ಅಲ್ಲ ನಾ. ನಾ ಎಲ್ಲಿ ನಿಲ್ತೀನಿ? ರೇಷ್ಮಿ ಸೀರಿ ಉಟ್ಕೊಂಡು ಬಾ. ಈ ಸಲ ನಾಮಪತ್ರ ಹಾಕೂದು ನೀನು."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಾನಾ? ಮಂದಿ ಮುಂದ ಏನಂತ ಮಾತಾಡ್ಲಿ?"

ಆತ ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಒತ್ತಿ ನೋಡಿಕೊಂಡ.

"ಇದೇ ನನ್ನ ಕಡೀ ಚುನಾವಣಿ ಅಂತನ್ನು, ಸಾಕು. ಅಳೂದು ನನಗ ಬಿಡು."